ವಾಟರ್‌ಮನ್ ಸಿದ್ದಲಿಂಗಪ್ಪನ ಕೈ

ಐರಣಿಯ ನಳಗಳಿಗೆ ಇಪ್ಪತ್ತಾರು ವರ್ಷ ನೀರು ಬಿಟ್ಟವನು ವಾಟರ್‌ಮನ್ ಸಿದ್ದಲಿಂಗಪ್ಪ. ಯಾವ ಓಣಿಯ ವಾಲ್ ಎಷ್ಟು ಸುತ್ತು ತಿರುಗಬೇಕೆಂಬುದು ಅವನ ಕೈಗೇ ಗೊತ್ತಿತ್ತು. ಕೆಲಸ ಬಿಟ್ಟ ಮೇಲೆ ತಲೆ ಮರೆಯತೊಡಗಿತು, ಕೈ ಮರೆಯಲಿಲ್ಲ. ಫಜೀತಿಯಾದದ್ದೇ ಅಲ್ಲಿ. ನಸುಕಿನಲ್ಲೆದ್ದು ಹೋಗಿ ವಾಲ್ ತೆರೆಯುವನು, ಮುಚ್ಚುವುದನ್ನು ಮರೆತು ಬರುವನು. ನೀರಿನ ಟಾಕಿ ಖಾಲಿಯಾಗಿ ಮೇಲಿನ ಓಣಿಯವರು ಕೊಡ ಹೊತ್ತು ಹೊಳೆಗೆ ಹೋಗಬೇಕಾಯಿತು.

ಮುದುಕನನ್ನು ಕೂಡಿಹಾಕು ಎಂದು ಊರೇ ಅವನ ಹೆಂಡತಿ ಹೊಳಿಯವ್ವನ ಮೇಲೆ ಹರಿಹಾಯ್ದಿತು. ಅವಳು ಹೊರಗಿನಿಂದ ಚಿಲಕ ಹಾಕಿದಳು. ನಾಲ್ಕು ದಿನ ಬಾಗಿಲು ಬಡಿದು ಬಡಿದು ಅವನ ಅಂಗೈ ಬಾತುಕೊಂಡಿತು. ಐದನೆಯ ದಿನ ಚಿಲಕ ಹಾಕಲು ಅವಳಿಗೆ ಮನಸ್ಸಾಗಲಿಲ್ಲ. ಇದು ಹುಚ್ಚಲ್ಲ, ಮರೆವಿನ ಕಾಯಿಲೆ, ಕಾಲಿಲ್ಲದವನಿಗೆ ಕೋಲು ಬೇಕಾದಂತೆ ಇವನಿಗೆ ಜೊತೆಗೊಬ್ಬರು ಬೇಕು ಎಂದು ರಾಣೇಬೆನ್ನೂರಿನ ಡಾಕ್ಟರು ಹೇಳಿದ್ದರು. ಅದೊಂದೇ ಮಾತಿನ ಧೈರ್ಯದಲ್ಲಿ, 2007ರ ಗ್ರಾಮಸಭೆಗೆ ಗಂಡನನ್ನು ಕರೆದುಕೊಂಡೇ ಬಂದಳು.

ನಾಲ್ಕು ಜನರೆದುರು ಎಂದೂ ಬಾಯಿ ಬಿಡದವಳು ಎದ್ದು ನಿಂತಳು. "ಇವರನ್ನ ಕೂಡಿಹಾಕಾಕ ನನ್ನ ಕೈಲೆ ಆಗೂದಿಲ್ರಿ. ಇವರೇನು ಕಳವು ಮಾಡ್ಯಾರ?"

ಹೊಸ ವಾಟರ್‌ಮನ್ ಅಲ್ಲಾವುದ್ದೀನ ಎದ್ದ. ದಿನಾ ತಾನೇ ಬಂದು ಅಜ್ಜನನ್ನು ಕರೆದೊಯ್ಯುವುದಾಗಿಯೂ, ತೆರೆಯುವುದು ಅವನಿಗಿರಲಿ, ಮುಚ್ಚುವುದು ತನಗಿರಲಿ ಎಂದೂ ಹೇಳಿದ. ಅಜ್ಜನಿಗಷ್ಟೇ ಗೊತ್ತಿರುವ, ಮಣ್ಣಲ್ಲಿ ಹೂತ ಎರಡು ವಾಲ್ ತನಗಿನ್ನೂ ಸಿಕ್ಕೇ ಇಲ್ಲ ಎಂದು ಒಪ್ಪಿಕೊಂಡಾಗ ಸಭೆಯೆಲ್ಲ ನಕ್ಕಿತು. ಮೇಲಿನ ಓಣಿಯವರ ಸಿಟ್ಟೂ ಅರ್ಧ ಇಳಿಯಿತು.

ಇದಕ್ಕೆ ಒಪ್ಪಿಗೆಯಿದ್ದವರು ಕೈ ಎತ್ತಿ ಎಂದು ಅಧ್ಯಕ್ಷರು ಹೇಳಿದಾಗ ಸಿದ್ದಲಿಂಗಪ್ಪನೂ ಎತ್ತಿದ. ಪಂಚಾಯ್ತಿ ಮೆಂಬರ ವಿಜಯಮಹಾಂತೇಶನಿಗೆ ಸುಮ್ಮನಿರಲಾಗಲಿಲ್ಲ; ತಿಳುವಳಿಕೆಯಿಲ್ಲದವನ ಕೈ ಎಣಿಸಬೇಡಿ ಎಂದ. ತಿಳಿದು ಕೈ ಎತ್ತಿದವರು ಅಲ್ಲಿ ಎಷ್ಟು ಮಂದಿಯಿದ್ದರೋ, ಆ ಮಾತು ಬಿಡಿ. ಸೆಕ್ರೆಟರಿ ಶ್ರೀದೇವಿ ಬರೆಯುವುದನ್ನು ನಿಲ್ಲಿಸಿದಳು. "ಮತದಾರರ ಪಟ್ಟಿಯೊಳಗ ಇವರ ಹೆಸರು ಐತ್ರಿ. ಎಣಸ್ತೇನಿ."

ಎಣಿಸಿದಳು, ಬರೆದುಕೊಂಡಳು. ಠರಾವು ಪಾಸಾಯಿತು. ಹೊಳಿಯವ್ವನ ಎದೆಯ ಮೇಲಿನ ಭಾರ ಇಳಿದು, ಅಳುವೂ ನಗುವೂ ಒಟ್ಟಿಗೇ ಬಂದವು.

ಹೊರಗೆ ಕಟ್ಟೆಯ ಮೇಲೆ ಕೂತಾಗ ಸಿದ್ದಲಿಂಗಪ್ಪ ಕೇಳಿದ. "ಒಳಗ ಯಾರ ಸುದ್ದಿ ನಡದಿತ್ತು?"

"ನಿಮ್ಮದರಿ."

ಅವನು ಗಾಬರಿಯಾದ. "ಹಂಗಾರ ನಾನೂ ಕೈ ಎತ್ತಬೇಕಿತ್ತಲ್ಲ?"

"ಎತ್ತೀರಿ," ಎಂದಳು ಹೊಳಿಯವ್ವ. "ಬರಕೊಂಡಾರ."