ರಾಮಕ್ಕ ಕುಟ್ಟಿದ ಒರಳು

ಎಂಬತ್ತೆರಡನೇ ಇಸವಿಯ ಮಾತು. ರಾಮಕ್ಕ ಪೀಣ್ಯದ ಒಂದು ಮೋಟರ್ ಫ್ಯಾಕ್ಟರಿಯಲ್ಲಿ ತಂತಿ ಸುತ್ತುತ್ತಿದ್ದಳು. ಲಗ್ಗೆರೆಯಲ್ಲಿ ಭಾಗ್ಯಮ್ಮನ ವಠಾರದ ಕೊನೆಯ ಕೋಣೆ ಅವಳದು. ಅಂಗಳದ ಒರಳನ್ನು ವಠಾರದವರೆಲ್ಲ ಬಳಸುತ್ತಿದ್ದರು, ರಾಮಕ್ಕ ಒಬ್ಬಳನ್ನು ಬಿಟ್ಟು. ಕಲ್ಲು ಒಡೆಯುವವರ ಮಗಳು ರುಬ್ಬಿದರೆ ಒರಳು ಮೈಲಿಗೆಯಾಗುತ್ತದೆ ಎಂದು ಭಾಗ್ಯಮ್ಮ ಮೊದಲ ದಿನವೇ ಹೇಳಿದ್ದಳು.

ಹಾಗಾಗಿ ಸಾರಿನ ಖಾರ ರುಬ್ಬಲು ರಾಮಕ್ಕ ದಿನಾ ಐದಕ್ಕೆದ್ದು ಮೈಲಿ ದೂರದ ತಂಗಿಯ ಮನೆಗೆ ನಡೆಯಬೇಕು. ಗಂಡ ನಲ್ಲಪ್ಪ ಆ ಹೊತ್ತಿಗೆ ಮಗ್ಗುಲು ಬದಲಿಸುತ್ತಿದ್ದ. ಆ ತಿಂಗಳು ಎರಡು ಸಲ ಫ್ಯಾಕ್ಟರಿ ಗೇಟು ಮುಚ್ಚಿದ ಮೇಲೆ ತಲುಪಿದ್ದಳು. ಇನ್ನೊಂದು ಸಲ ತಡವಾದರೆ ಬರಲೇಬೇಡ ಎಂದಿದ್ದ ಮೇಸ್ತ್ರಿ.

ಅಷ್ಟರಲ್ಲಿ ಒರಳು ಸವೆದು ನುಣ್ಣಗಾಯಿತು. ಎಷ್ಟು ರುಬ್ಬಿದರೂ ಕಾಯಿ ತರಿತರಿ. ಭಾಗ್ಯಮ್ಮನ ಗಂಡ ಕೃಷ್ಣಪ್ಪ ತಟ್ಟೆ ದೂಡಿ ಎದ್ದ. ಉಳಿ ಸುತ್ತಿಗೆ ಹಿಡಿದು ಒರಳು ಕುಟ್ಟಿ ಒರಟು ಮಾಡಿಕೊಡುವವರು ಆ ಬೀದಿಗೆ ಬಂದು ವರ್ಷವಾಗಿತ್ತು.

"ನಿಮ್ಮವ್ವ ಒರಳು ಕುಟ್ತಿದ್ಲಂತಲ್ಲ. ನಿಂಗೂ ಬರ್ತದಾ?" ಭಾಗ್ಯಮ್ಮ ಕೇಳಿದಳು.

"ಬರ್ತದೆ ಕಣಕ್ಕ. ಕುಟ್ಟಬೇಕು ಅಂದ್ರೆ ಮುಟ್ಟಬೇಕಲ್ಲ."

"ಕುಟ್ಟೋದು ಬ್ಯಾರೆ, ರುಬ್ಬೋದು ಬ್ಯಾರೆ."

"ಈ ಒರಳ್ನ ನಮ್ಮವ್ವನೇ ಎಷ್ಟು ಸಲ ಕುಟ್ಟವ್ಳೋ. ಮೈಲಿಗೆ ಆಗೋದಿದ್ರೆ ಆವತ್ತೇ ಆಗಿರ್ತಿತ್ತು."

ಭಾನುವಾರ ರಾಮಕ್ಕ ಒರಳು ಕುಟ್ಟಿದಳು. ಕಲ್ಲಿನ ಪುಡಿ ಹೋಗಲೆಂದು ತವುಡು ರುಬ್ಬಿ ಚೆಲ್ಲಿದಳು. ಆಮೇಲೆ ಏಳಲಿಲ್ಲ. ಮಡಿಲಲ್ಲಿ ತಂದಿದ್ದ ಮೆಣಸಿನಕಾಯಿ, ಕೊತ್ತಂಬರಿ ಹಾಕಿ ಗುಂಡು ತಿರುಗಿಸಿದಳು.

"ಕೂಲಿ ಬ್ಯಾಡ ಕಣಕ್ಕ. ದಿನಾ ಇಷ್ಟು ಖಾರ ರುಬ್ಕಂತೀನಿ."

ಭಾಗ್ಯಮ್ಮ ಬಾಯಿ ತೆರೆಯುವುದಕ್ಕೂ ಒಳಗಿಂದ ಕೃಷ್ಣಪ್ಪ, "ಇಡ್ಲಿಗೆ ನೆನೆ ಹಾಕಿದ್ಯೇನೆ?" ಎನ್ನುವುದಕ್ಕೂ ಸರಿಹೋಯಿತು. ಅವಳು ಅಕ್ಕಿ, ಉದ್ದು ಅಳೆಯಲು ಒಳಗೆ ಹೋದಳು.

ಮೊದಲ ವಾರ ರಾಮಕ್ಕ ರುಬ್ಬಿ ಎದ್ದೊಡನೆ ಭಾಗ್ಯಮ್ಮ ಎರಡು ಕೊಡ ನೀರು ಸುರಿದು ಒರಳು ತೊಳೆದಳು. ಬಾವಿಯಿಂದ ಸೇದುವವಳೂ ಅವಳೇ. ಮೈಲಿಗೆಯ ಪಾಠ ಹೇಳಿಕೊಟ್ಟ ಅತ್ತೆಯಾಗಲಿ, ಗಂಡನಾಗಲಿ ಹಗ್ಗ ಮುಟ್ಟಿದವರಲ್ಲ. ಎರಡನೇ ವಾರ ಒಂದು ಕೊಡ ಸಾಕಾಯಿತು. ಮೂರನೇ ವಾರ ಒಂದು ಚೊಂಬು. ಆಮೇಲೆ ಬೆರಳಿಂದ ಚಿಮುಕಿಸಿದಳು. ದೀಪಾವಳಿಯ ಹೊತ್ತಿಗೆ ಅದೂ ನಿಂತಿತು.

ಒಂದು ಬೆಳಿಗ್ಗೆ ಭಾಗ್ಯಮ್ಮ ತನ್ನ ಮನೆಯ ಖಾರದ ಬಟ್ಟಲು ತಂದು ಒರಳಿನ ಪಕ್ಕದಲ್ಲಿಟ್ಟಳು.

"ಮಣಿಕಟ್ಟು ನೋಯ್ತದೆ ಕಣೆ. ನೀನು ಎಂಗೂ ಕೂತಿದ್ದೀಯ."

"ಆಯ್ತು ಬಿಡಕ್ಕ. ಅಷ್ಟರಲ್ಲಿ ನಂದೆರಡು ಕೊಡ ನೀರು ಸೇದಿಡು."

"ಅಬ್ಬಾ, ನಿನ್ನ ಬಾಯೇ," ಎಂದು ನಗುತ್ತ ಭಾಗ್ಯಮ್ಮ ಕೊಡ ಎತ್ತಿಕೊಂಡು ಬಾವಿಯ ಕಡೆ ಹೋದಳು.

ಅವತ್ತು ರಾಮಕ್ಕ ಗೇಟು ಮುಟ್ಟಿದಾಗ ಸೈರನ್ ಕೂಗಲು ಇನ್ನೂ ಹತ್ತು ನಿಮಿಷವಿತ್ತು. ಎದುರಿನ ಅಂಗಡಿಯಲ್ಲಿ ನಿಂತು ಒಂದು ಟೀ ಕುಡಿದಳು.