ಎಂಟನೆಯ ಖಾನೆ

ಸುಗುಣಾಳಿಗೆ ನೆಲವೆಂದರೆ ಹಸಿವಿರುವ ಪ್ರಾಣಿ. ಕಾರ್ಖಾನೆಗಳ ಹಳೆಯ ಕಾಂಕ್ರೀಟ್ ನೆಲವನ್ನು ಕೆರೆದು, ಮೇಲೆ ಎಪಾಕ್ಸಿ ಎಂಬ ಗಟ್ಟಿಯಾಗುವ ರಾಳದ ಹೊಸ ಪದರ ಹೊಯ್ಯುವ ಕಂಪನಿಯೊಂದು ವಾಗ್ಳೆ ಎಸ್ಟೇಟಿನಲ್ಲಿದೆ. ಯಾವ ನೆಲ ಎಷ್ಟು ಲೀಟರ್ ಕುಡಿಯುತ್ತದೆಂದು ಅಲ್ಲಿ ಅಂದಾಜು ಬರೆಯುವವಳು ಅವಳು. ಟೈಪಿಂಗಿಗೆಂದು ಸೇರಿದ್ದವಳು ಹನ್ನೊಂದು ವರ್ಷಗಳಲ್ಲಿ ಕಲಿತ ವಿದ್ಯೆ ಅದು. ನಾಣ್ಯದಿಂದ ನೆಲ ಬಡಿದು ಟೊಳ್ಳು ಹುಡುಕುವಳು. ನಾಲ್ಕು ಹನಿ ನೀರು ಬಿಟ್ಟು, ಅದು ಇಂಗುವಷ್ಟು ಹೊತ್ತು ಕುಕ್ಕರಗಾಲಿನಲ್ಲಿ ಕೂತು ನೋಡುವಳು. ಆಮೇಲಷ್ಟೇ ಅಂಕಿ ಬರೆಯುವಳು. ಅವಳು ಬರೆದ ಕೆಲಸದಲ್ಲಿ ಒಮ್ಮೆಯೂ ಮಾಲು ಸಾಲದೆ ಬಂದದ್ದಿಲ್ಲ.

ಮಹಾಪೆಯ ಔಷಧಿ ಕಾರ್ಖಾನೆಯ ಹಾಲ್ ನಾನೂರು ಚದರ ಮೀಟರ್. ನೆಲದಲ್ಲಿ ಜಾಯಿಂಟುಗಳಿಂದ ಬೇರ್ಪಟ್ಟ ಎಂಟು ಖಾನೆಗಳು. ಎರಡು ಮಿಲಿಮೀಟರ್ ದಪ್ಪಕ್ಕೆ ಎಂಟುನೂರು ಲೀಟರ್ ಎಂದು ಯಾರಾದರೂ ಗುಣಿಸಿಯಾರು. ಆದರೆ ಯಂತ್ರಗಳ ಅಡಿಯ ನೆಲವನ್ನು ಅವಳಿಗೆ ಮುಟ್ಟಿ ನೋಡಲಾಗಿರಲಿಲ್ಲ. ಎಣ್ಣೆ ಕುಡಿದು, ಅದುರಿ, ಗುಂಡಿ ಬಿದ್ದಿರಬಹುದು. ಅದಕ್ಕೆಂದೇ ಒಂಬೈನೂರ ಇಪ್ಪತ್ತು ಎಂದು ಬರೆದಿದ್ದಳು.

ಮಾಲಿಕ ಗುಣಪಾಲರು ಹಾಳೆ ನೋಡಿ ನಕ್ಕರು. "ಇದೆಂತ ಸುಗುಣಕ್ಕ, ನೆಲಕ್ಕಾ ಬಾವಿಗಾ? ಎದುರು ಪಾರ್ಟಿ ಎಂಟುನೂರು ಹಾಕಿದ್ದಾನೆ. ನೀವೂ ಅಷ್ಟೇ ಹಾಕಿ."

"ಯಂತ್ರದ ಅಡಿ ನೋಡಿಲ್ಲ ಸರ್."

"ನೋಡುವುದೆಂತ ಮಾರಾಯ್ರೆ? ಸೈನ್ ಮಾಡಿ."

ಗಂಡ ಲೋಕನಾಥ ಗಲ್ಲೆಯಲ್ಲಿ ಕೂರುತ್ತಿದ್ದ ಹೋಟೆಲು ಮುಚ್ಚಿ ಎಂಟು ತಿಂಗಳಾಗಿತ್ತು. ಡೊಂಬಿವಲಿಯ ಮನೆಯಲ್ಲಿ ಒಲೆ ಉರಿಯುತ್ತಿದ್ದುದು ಅವಳ ಕೆಲಸದಿಂದ. ಸುಗುಣಾ ಸಹಿ ಹಾಕಿದಳು.

ಕೆಲಸ ಸಿಕ್ಕಿತು. ಯಂತ್ರಗಳನ್ನು ಸರಿಸಿದ್ದು ಶುಕ್ರವಾರ. ಅಡಿಯ ನೆಲ ಸಿಡುಬಿನ ಮುಖದ ಹಾಗಿತ್ತು. ಅವಳು ಕೂಡಲೇ ಫೋನ್ ಮಾಡಿದಳು. ಗುಣಪಾಲರು "ಅಡ್ಜಸ್ಟ್ ಮಾಡಿ" ಎಂದು ಇಟ್ಟುಬಿಟ್ಟರು. ಭಾನುವಾರ ಮಧ್ಯಾಹ್ನ ಏಳನೆಯ ಖಾನೆ ಮುಗಿಯುವಾಗ ಮೇಸ್ತ್ರಿ ಜಯೇಶ್ ಡಬ್ಬ ಬೋರಲು ಹಾಕಿ ತೋರಿಸಿದ. "ಅಕ್ಕಾ, ಮಾಲ್ ಖಲಾಸ್. ಇನ್ನೊಂದು ಖಾನಾ ಬಾಕಿ."

ಆ ಒಂದು ಖಾನೆಯಲ್ಲೇ ಮಾತ್ರೆ ಒತ್ತುವ ದೊಡ್ಡ ಯಂತ್ರ ಕೂರಬೇಕಿತ್ತು, ಬುಧವಾರದೊಳಗೆ.

ಹೊಯ್ದ ಪದರದ ಅಂಚನ್ನು ಜಾಯಿಂಟಿನಲ್ಲೇ ನಿಲ್ಲಿಸಲು ಹೇಳಿ ಸುಗುಣಾ ಫೋನ್ ಹಿಡಿದಳು. ಡೀಲರ್, ಆ ಬಣ್ಣದ ಎಪಾಕ್ಸಿ ಆರ್ಡರ್ ಕೊಟ್ಟ ಮೇಲೆ ತಯಾರಾಗುವುದು, ನಾಲ್ಕು ದಿನ ಬೇಕು ಎಂದ. ಮಾಜಿವಾಡಾದ ಕಾಂಟ್ರಾಕ್ಟರ್ ಸುಜನ್ ಹತ್ತಿರ ಹಿಂದಿನ ಕೆಲಸದ ಅದೇ ಬಣ್ಣದ ಡಬ್ಬಗಳು ಉಳಿದಿವೆಯೆಂದು ತಿಳಿದು, ರಿಕ್ಷಾ ಹಿಡಿದು ಓಡಿದಳು. ಟ್ರಾಫಿಕ್ಕಿನಲ್ಲಿ ಕೂತು, ಕಟೀಲಮ್ಮನಿಗೆ ಹರಕೆಯ ಮೇಲೆ ಹರಕೆ ಹೇಳಿಕೊಂಡಳು. ಸುಜನ್ ಮುಚ್ಚಳ ಎಬ್ಬಿಸಿದರೆ ಒಳಗಿನದು ಕಲ್ಲಾಗಿತ್ತು. ಒಂದಾದರೂ ಇದ್ದೀತೆಂದು ಅವಳು ಆರು ಡಬ್ಬಗಳನ್ನೂ ತೆರೆಸಿದಳು. ಉಗುರಿನಿಂದ ಗೀರಿದಳು. ಸುಜನ್ ಮುಖ ತಿರುಗಿಸಿಕೊಂಡ.

ಹಿಂದಿರುಗುವಾಗ ಗುಣಪಾಲರ ಫೋನ್ ಬಂತು. "ನಿನ್ನೆ ಅಡಿಗೆ ಬಳಿದ ಪ್ರೈಮರ್ ಉಳಿದಿದೆಯಲ್ಲ? ಥಿನ್ನರ್ ಸುರಿದು, ಬಣ್ಣ ಕಲಸಿ ಎಳೆದುಬಿಡಿ. ಹೊಳೆದರೆ ಸಾಕು."

"ಯಂತ್ರ ಇಟ್ಟ ವಾರಕ್ಕೇ ಎದ್ದು ಬರ್ತದೆ ಸರ್. ಚೂರು ಮಾತ್ರೆಗೆ ಬಿದ್ದರೆ?"

"ಆಗ ನೋಡುವ. ಅಂದಾಜಿಗೆ ಸೈನ್ ಮಾಡಿದ್ದು ನೀವೇ ಅಲ್ವಾ?"

ಹಾಲಿಗೆ ಬಂದಾಗ ಜಯೇಶ್ ಥಿನ್ನರ್ ಡಬ್ಬ ಹಿಡಿದು ನಿಂತಿದ್ದ. ಅವನಿಗೂ ಫೋನ್ ಹೋಗಿತ್ತು. "ಏನು ಮಾಡೋಣ ಅಕ್ಕಾ? ಬೋಲಾ." ಸುಗುಣಾ ಏಳು ಖಾನೆಗಳ ಹೊಳಪಿನಾಚೆ ಬೆತ್ತಲೆ ಬಿದ್ದ ಎಂಟನೆಯದನ್ನು ನೋಡಿದಳು. ಹ್ಞೂಂ ಅಂದರೆ ಮುಗಿಯಿತು, ಮನೆಗೆ ಹೋಗಬಹುದು. ನಾಲಿಗೆಯ ತುದಿವರೆಗೆ ಬಂದ ಆ ಒಂದು ಮಾತನ್ನು ಅವಳು ನುಂಗಿದಳು.

"ಬೇಡ. ಸಾಮಾನು ಕಟ್ಟಿ" ಎಂದಳು.

ಸೋಮವಾರ ಕಾರ್ಖಾನೆಯ ಅಧಿಕಾರಿ ಸೋನಾಲಿಯ ಮುಂದೆ ನಿಂತು, ಅಂದಾಜು ತಪ್ಪಾಯಿತು, ಗೊತ್ತಿದ್ದೂ ಸಹಿ ಹಾಕಿದೆ ಎಂದು ಹಿಂದಿಯಲ್ಲಿ ಒಪ್ಪಿಕೊಂಡಳು. ಸೋನಾಲಿ ಬೈಯಲಿಲ್ಲ, ಕೆಲಸವನ್ನು ಬೇರೆಯವರಿಗೆ ಕೊಟ್ಟಳು. ಸಂಜೆ ಗುಣಪಾಲರು ಒಂದೇ ಮಾತು ಹೇಳಿದರು: "ನಾಳೆಯಿಂದ ಬರುವುದು ಬೇಡ."

ರಾತ್ರಿ ಮನೆಯಲ್ಲಿ ಮಗಳು ನಿಕಿತಾ ಕೇಳಿದಳು, "ಮಮ್ಮಿ, ಡಾಲ್ ದೇತೆ ನಾ, ಕಿಸ್ಕೊ ಪತಾ ಚಲ್ತಾ? ಸುರಿದುಬಿಟ್ಟಿದ್ದರೆ ಯಾರಿಗೆ ಗೊತ್ತಾಗ್ತಿತ್ತು?" ಲೋಕನಾಥ ಸುಗುಣಾಳ ತಟ್ಟೆಗೆ ಗಂಜಿ ಬಡಿಸಿದ.

ಮರುದಿನದಿಂದ ಗೊತ್ತಿದ್ದ ಕಂಪನಿಗಳಿಗೆಲ್ಲ ಫೋನ್ ಮಾಡತೊಡಗಿದಳು. ಸುದ್ದಿ ಅವಳಿಗಿಂತ ಮೊದಲೇ ತಲುಪಿತ್ತು. ಐದನೆಯವನು ಕೇಳಿದ, "ಮಹಾಪೆಯಲ್ಲಿ ನೆಲ ಅರ್ಧಕ್ಕೇ ಬಿಟ್ಟು ಬಂದವರು ನೀವಾ?"

"ಅರ್ಧ ಅಲ್ಲ, ಎಂಟರಲ್ಲಿ ಒಂದು ಪಾಲು. ಹೌದು, ನಾನೇ" ಎಂದಳು ಸುಗುಣಾ.

ಅತ್ತ ಫೋನ್ ಕಟ್ಟಾಯಿತು. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ಕಲ್ಯಾಣದ ಕಂಪನಿಯೊಂದರ ನಂಬರ್ ಹುಡುಕತೊಡಗಿದಳು.