ನಮ್ಮೂರಿನ ಎದುರು ಗೋಲು ಕಾದ ದಿನ

ಅಣ್ಣ ಒದ್ದ ಚೆಂಡು ನನ್ನ ಎದೆಗೆ ಬಂದು ಬಡಿದಾಗ ಇಡೀ ಮೈದಾನ ಸುಮ್ಮನಾಯಿತು.

ಆಮೇಲೆ ಯಾರೋ ಕೂಗಿದರು. "ಲೇ, ಈ ಊರಿನ ಅನ್ನ ತಿಂದೋನಲ್ಲೇನೋ ನೀನು!"

ತಿಂದವನೇ. ನಾನು ಹುಟ್ಟಿ ಬೆಳೆದದ್ದು ಮೊಳಕಾಲ್ಮೂರಿನಲ್ಲೇ. ಆದರೆ ಮೊನ್ನೆ, ಮಹಾರಾಜರ ಹುಟ್ಟುಹಬ್ಬದ ರಜೆಯ ದಿನ ನಡೆದ ಲೀಗ್ ಮ್ಯಾಚಿನಲ್ಲಿ ನಾನು ಚಳ್ಳಕೆರೆ ಟೀಮಿನ ಗೋಲ್‌ಕೀಪರ್.

ಎರಡು ವರ್ಷದ ಹಿಂದೆ ಚಳ್ಳಕೆರೆಯ ಅಮಲ್ದಾರರ ಕಚೇರಿಯಲ್ಲಿ ಗುಮಾಸ್ತನ ಕೆಲಸ ಸಿಕ್ಕಿತು. ಅಣ್ಣನ ಜೊತೆ ನೇಯುತ್ತಿದ್ದ ಮಗ್ಗ ಬಿಟ್ಟು ಹೊರಟೆ. ಅಂಚಿನ ರೇಷ್ಮೆ ಸೀರೆ ನೇಯಲು ಒಂದು ಮಗ್ಗಕ್ಕೆ ಇಬ್ಬರು ಬೇಕು, ಅಣ್ಣ ಒಬ್ಬನೇ ಆದ.

ಅವತ್ತಿನಿಂದ ನನ್ನ ಜೊತೆ ಮಾತು ಬಿಟ್ಟ. ಬರೆದ ಕಾಗದಗಳಿಗೂ ಉತ್ತರವಿಲ್ಲ.

ಮ್ಯಾಚು ನಮ್ಮೂರಲ್ಲೇ ಅಂತ ಗೊತ್ತಾದಾಗ ಆಸೆ ಹುಟ್ಟಿತು. ಅಣ್ಣ ಊರ ಟೀಮಿನಲ್ಲಿ ಆಡುವವನು, ಎದುರಿಗೆ ಸಿಕ್ಕರೆ ಮಾತಾಡಿಸದೆ ಇರುತ್ತಾನಾ?

ಹಿಂದಿನ ದಿನವೇ ಗಾಡಿ ಕಟ್ಟಿಸಿಕೊಂಡು ಹೊರಟೆವು. ದಾರಿಯಲ್ಲಿ ನಮ್ಮ ಕ್ಯಾಪ್ಟನ್ ತಿಪ್ಪೇಸ್ವಾಮಿ, "ನಿಮ್ಮಣ್ಣ ಬಂದ ಅಂತ ಗೋಲು ಬಿಟ್ಟುಗಿಟ್ಟೀಯಲೇ, ನೋಡ್ಕೋ" ಅಂದ. ಎಲ್ಲರೂ ನಕ್ಕರು, ನಾನೂ ನಕ್ಕೆ.

ಆಟದಲ್ಲಿ ಹೇಳುವಂಥದ್ದೇನೂ ಇಲ್ಲ... ಬರಿಗಾಲು, ಧೂಳು, ಬೀಸುಗಾಳಿ. ಎರಡು ಬಿದಿರಿನ ಗಳ ನೆಟ್ಟು ಮೇಲೆ ಹಗ್ಗ ಕಟ್ಟಿದ್ದೇ ಗೋಲು.

ಹೆಚ್ಚಿನ ಹೊತ್ತು ಚೆಂಡು ನನ್ನ ಕಡೆ ಬರಲೇ ಇಲ್ಲ. ಗಳದ ಪಕ್ಕ ಒಬ್ಬನೇ ನಿಂತು, ದೂರದಲ್ಲಿ ಓಡಾಡುವ ಅಣ್ಣನನ್ನೇ ನೋಡುತ್ತಿದ್ದೆ. ಸೊರಗಿದ್ದಾನೆ.

ಕೊನೆಗೊಮ್ಮೆ ಚೆಂಡು ತೆಗೆದುಕೊಂಡು ಅವನೊಬ್ಬನೇ ನನ್ನೆದುರಿಗೆ ಬಂದ.

ಮಗ್ಗದಲ್ಲಿ ಲಾಳಿ ಎಸೆಯುವ ಮುಂಚೆ, ಅದು ಯಾವ ಕಡೆ ಹೋಗಬೇಕೋ ಆ ಕಡೆಯ ಭುಜ ಅಣ್ಣನಿಗೆ ಕೊಂಚ ಇಳಿಯುತ್ತದೆ. ಹತ್ತು ವರ್ಷ ಪಕ್ಕದಲ್ಲೇ ಕೂತು ನೋಡಿದವನು ನಾನು. ಈಗಲೂ ಇಳಿಯಿತು.

ಅವನು ಒದೆಯುವ ಮುಂಚೆಯೇ ನನ್ನ ಮೈ ಆ ಕಡೆ ಸರಿದಿತ್ತು. ಯೋಚಿಸಿ ಮಾಡಿದ್ದಲ್ಲ, ದೇವರಾಣೆ.

ಅಣ್ಣ ಒಂದು ಗಳಿಗೆ ನನ್ನನ್ನೇ ನೋಡಿದ. ಹೇಗೆ ಹಿಡಿದೆ ಅಂತ ಅವನಿಗೂ ಗೊತ್ತಾಯಿತು. ತಿರುಗಿ ಹೊರಟುಹೋದ.

ಸೊನ್ನೆ-ಸೊನ್ನೆಯಲ್ಲಿ ಆಟ ಮುಗಿಯಿತು. ಗೆದ್ದಿದ್ದರೆ ನಮ್ಮವರು ಹೆಗಲ ಮೇಲೆ ಹೊರುತ್ತಿದ್ದರೇನೋ, ಸೋತಿದ್ದರೆ ಬೈಯುತ್ತಿದ್ದರು. ಎರಡೂ ಆಗದ್ದರಿಂದ ಯಾರೂ ನನ್ನ ಹತ್ತಿರ ಬರಲಿಲ್ಲ.

ನಮ್ಮ ಕಡೆ ಒಂದು ಪದ್ಧತಿ ಇದೆ. ಆಟ ಮುಗಿದ ಮೇಲೆ ಊರಿನ ಟೀಮಿನವರು ಹೊರಗಿನಿಂದ ಬಂದವರನ್ನು ಸಾಲಾಗಿ ಕೂರಿಸಿ ಕೈಯಾರೆ ಬಡಿಸಬೇಕು, ಆಮೇಲೆ ತಾವು ತಿನ್ನಬೇಕು.

ಬೇವಿನ ಮರದ ಕೆಳಗೆ ನಾನೂ ಚಳ್ಳಕೆರೆಯವರ ಸಾಲಿನಲ್ಲಿ ಕೂತೆ. ನಮ್ಮ ಮನೆ ಅಲ್ಲಿಂದ ಎರಡೇ ಬೀದಿ ಆಚೆ.

ಮಂಡಕ್ಕಿಯ ಬುಟ್ಟಿ ಹಿಡಿದು ಬಂದವನು ಅಣ್ಣನೇ.

ನನ್ನ ಎಲೆಗೂ ಹಾಕಿದ. ಮುಖದಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಇನ್ನೊಂದೀಟು ಹಾಕ್ಲೇನ್ರೀ?" ಅಂತ ಕೇಳಿದ. ಪಕ್ಕದ ತಿಪ್ಪೇಸ್ವಾಮಿಗೆ ಹೇಗೆ ಕೇಳಿದನೋ ಹಾಗೇ, ಪರವೂರಿನವರಿಗೆ ಕೇಳುವ ಹಾಗೆ.

ಎರಡು ವರ್ಷದ ಮೇಲೆ ಅಣ್ಣ ನನ್ನ ಜೊತೆ ಆಡಿದ ಮಾತು ಅದೊಂದೇ. ಸಾಕು ಅಂತ ಕೈ ಅಡ್ಡ ಹಿಡಿದೆ.

ಚಳ್ಳಕೆರೆಗೆ ಬಂದು ಸೇರಿದರೂ ಅದೇ ಯೋಚನೆ. ನೀವೇ ಹೇಳಿ, ಆ ಒಂದು ಚೆಂಡು ಬಿಟ್ಟಿದ್ದರೆ ಅಣ್ಣ "ಬಾರಲೇ, ಮನೆಗೆ ಹೋಗಾನ" ಅನ್ನುತ್ತಿದ್ದನಾ?